ಸುಟ್ಟ ಕಾಲುಗಳು ಓಡಿದವು



ನಿಮ್ಮ ಮಗು ಇನ್ನೆಂದೂ ಎದ್ದು ನಡೆಯಲಾರದೆಂದು ವೈದ್ಯರೇ ಹೇಳಿದರೆ ನೀವೇನು ಮಾಡುವಿರಿ? ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ಕುಟುಂಬಕ್ಕೆ 1917ರಲ್ಲಿ ಈ ಪ್ರಶ್ನೆ ಎದುರಾಯಿತು. ಆ ಮನೆಯ ಹುಡುಗನೇ ಗ್ಲೆನ್ ಕನಿಂಗ್‌ಹ್ಯಾಮ್.

ಗ್ಲೆನ್ ಹುಟ್ಟಿದ್ದು 1909ರಲ್ಲಿ. ಏಳು ವರ್ಷದವನಿದ್ದಾಗ, ಫೆಬ್ರವರಿಯ ಚಳಿಯಲ್ಲಿ, ಹಳ್ಳಿಯ ಶಾಲೆಯನ್ನು ಬೆಚ್ಚಗಾಗಿಸಲು ಅಣ್ಣ ಫ್ಲಾಯ್ಡ್‌ನೊಂದಿಗೆ ಒಲೆ ಹಚ್ಚಲು ಹೋದ. ಸೀಮೆಎಣ್ಣೆಯ ಡಬ್ಬದಲ್ಲಿ ಯಾರೋ ತಪ್ಪಿ ಪೆಟ್ರೋಲ್ ತುಂಬಿಸಿದ್ದರು. ಒಲೆ ಸಿಡಿಯಿತು. ಫ್ಲಾಯ್ಡ್ ಉಳಿಯಲಿಲ್ಲ. ಗ್ಲೆನ್‌ನ ಮೊಣಕಾಲು, ಕಣಕಾಲುಗಳ ಮಾಂಸ ಸುಟ್ಟುಹೋಯಿತು. ಎಡಪಾದದ ಬೆರಳುಗಳೂ ಹೋದವು. ಕಾಲು ಕತ್ತರಿಸಬೇಕೆಂಬ ಸಲಹೆ ಬಂತು. ಮಗನ ಗೋಳು ನೋಡಲಾರದೆ ಹೆತ್ತವರು ಒಪ್ಪಲಿಲ್ಲ.

ಒಬ್ಬ ಮಗನನ್ನು ಮಣ್ಣಿಗಿಟ್ಟ ಮನೆ ಅದು. ಆ ದುಃಖದ ನಡುವೆಯೂ ಇನ್ನೊಬ್ಬನ ಸತ್ತಂತಿದ್ದ ಕಾಲುಗಳನ್ನು ದಿನವೂ ತಿಕ್ಕಿ ನೀವುತ್ತಿದ್ದರು. ಎರಡು ವರ್ಷಗಳ ನಂತರ, 1919ರ ಬೇಸಿಗೆಯಲ್ಲಿ, ಗ್ಲೆನ್ ಮತ್ತೆ ಹೆಜ್ಜೆ ಇಡತೊಡಗಿದ. ನಡೆದವನು ಓಡಿದ.

ಮುಂದೆ ಕಾನ್ಸಾಸ್ ವಿಶ್ವವಿದ್ಯಾಲಯ ಸೇರಿದ ಗ್ಲೆನ್, 1932 ಮತ್ತು 1933ರಲ್ಲಿ ಅಮೆರಿಕದ ಕಾಲೇಜುಗಳ ಚಾಂಪಿಯನ್ ಆದರು. 1932ರ ಲಾಸ್ ಏಂಜಲೀಸ್ ಒಲಿಂಪಿಕ್‌ನ 1,500 ಮೀಟರ್ ಓಟದಲ್ಲಿ ನಾಲ್ಕನೆಯವರಾದರು. 1934ರಲ್ಲಿ ಒಂದು ಮೈಲಿಯನ್ನು 4 ನಿಮಿಷ 7 ಸೆಕೆಂಡಿಗೂ ಕಡಿಮೆ ಸಮಯದಲ್ಲಿ ಓಡಿ ವಿಶ್ವದಾಖಲೆ ಸ್ಥಾಪಿಸಿದರು. 1936ರಲ್ಲಿ ಬರ್ಲಿನ್‌ನಲ್ಲಿ ಹಳೆಯ ವಿಶ್ವದಾಖಲೆಗಿಂತ ವೇಗವಾಗಿ ಓಡಿದರೂ ನ್ಯೂಜಿಲೆಂಡ್‌ನ ಜ್ಯಾಕ್ ಲವ್‌ಲಾಕ್ ಅವರನ್ನು ಮೀರಿಸಲಾಗದೆ ಬೆಳ್ಳಿ ಪದಕ ಪಡೆದರು. 1940ರ ಒಲಿಂಪಿಕ್ ಯುದ್ಧದ ಕಾರಣ ನಡೆಯಲೇ ಇಲ್ಲ. ಚಿನ್ನದ ಪದಕ ಅವರಿಗೆ ಒಲಿಯಲಿಲ್ಲ.

ಗಮನಿಸಿ: ದಾಖಲೆ ಮುರಿದ ಆ ಕಾಲುಗಳ ಗಾಯದ ಗುರುತು ಮಾಯಲಿಲ್ಲ. ರಕ್ತಸಂಚಾರ ಸರಿಯಿಲ್ಲದ ಕಾರಣ ಪ್ರತಿ ಓಟಕ್ಕೂ ಮೊದಲು ಬಹಳ ಹೊತ್ತು ಕಾಲುಗಳನ್ನು ನೀವಿ ಬೆಚ್ಚಗಾಗಿಸಬೇಕಿತ್ತು. ಪುನರುತ್ಥಾನರಾದ ಯೇಸುಸ್ವಾಮಿ ಶಿಷ್ಯರಿಗೆ ಕಾಣಿಸಿಕೊಂಡಾಗಲೂ ಗಾಯಗಳು ಅವರ ಕೈಯಲ್ಲಿದ್ದವಲ್ಲವೇ? ದೇವರು ಗಾಯವನ್ನು ಅಳಿಸದೆಯೂ ಅದರ ಮೂಲಕ ಜೀವ ಕೊಡಬಲ್ಲರು.

ಗ್ಲೆನ್ ಅವರ ಬಾಳಿನ ಉಳಿದ ಭಾಗವೇ ಇದಕ್ಕೆ ಸಾಕ್ಷಿ. ಡಾಕ್ಟರೇಟ್ ಪಡೆದಿದ್ದ ಅವರು ಅಧ್ಯಾಪಕ ವೃತ್ತಿ ಬಿಟ್ಟು, ಪತ್ನಿ ರೂತ್ ಅವರೊಂದಿಗೆ ಕಾನ್ಸಾಸ್‌ನ ತಮ್ಮ ಹೊಲಮನೆಯ ಬಾಗಿಲನ್ನು ದಿಕ್ಕಿಲ್ಲದ, ದಾರಿತಪ್ಪಿದ ಮಕ್ಕಳಿಗೆ ತೆರೆದರು. ಸ್ವಂತ ಮಕ್ಕಳೇ ಮನೆತುಂಬ ಇದ್ದರೂ ವರ್ಷಗಳ ಕಾಲ ಸಾವಿರಾರು ಮಕ್ಕಳಿಗೆ ಆಸರೆಯಾದರು. 1988ರಲ್ಲಿ ತೀರಿಕೊಂಡರು. ಕೈಬಿಡದ ಹೆತ್ತವರಿಂದ ಪಡೆದದ್ದನ್ನು ಅವರು ಪರರ ಮಕ್ಕಳಿಗೆ ಹಂಚಿದರು.

ತಂದೆತಾಯಂದಿರೇ, ತಿಕ್ಕಿದ ಕಾಲುಗಳೆಲ್ಲ ಓಡುವುದಿಲ್ಲ. ಕೆಲವು ಮಕ್ಕಳು ಕೊನೆಯವರೆಗೂ ನಡೆಯದಿರಬಹುದು. ಆದರೆ ಗ್ಲೆನ್‌ನ ಹೆತ್ತವರು ಅವನ ಕಾಲು ನೀವುವಾಗ ಪದಕದ ಕನಸು ಎಲ್ಲಿತ್ತು? ನೋಯುತ್ತಿದ್ದ ಮಗನೊಬ್ಬನೇ ಅವರ ಕಣ್ಣಮುಂದಿದ್ದ. ನಿಮ್ಮ ಮನೆಯಲ್ಲಿಯೂ ಪರೀಕ್ಷೆಯಲ್ಲಿ ಸೋತ ಮಗನೋ, ನಡೆಯಲಾಗದ ಮಗಳೋ ಇರಬಹುದು. ಇಂದು ಸಂಜೆ ಜಪಸರ ಪ್ರಾರ್ಥನೆ ಮುಗಿದ ಮೇಲೆ ಆ ಮಗುವಿನ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಪಕ್ಕದ ಮನೆಯ ಮಗುವಿನೊಡನೆ ಹೋಲಿಸಬೇಡಿ. ಲೆಕ್ಕ ಕೇಳದೆ ಪ್ರೀತಿಸಿ. ನಮ್ಮೆಲ್ಲರನ್ನೂ ಹಾಗೆಯೇ ಪ್ರೀತಿಸುವ ಪರಮಪಿತ ನಿಮ್ಮ ಕುಟುಂಬವನ್ನು ಆಶೀರ್ವದಿಸಲಿ.