ಇಂದಿನ ಧಮ್ಮ ಚಿಂತನೆ: ಬಗ್ಗಿ ಒಳಬರುವ ಬಾಗಿಲು

 



ಜಪಾನಿನ ಹಳೆಯ ಮನೆಗಳ ಚಿತ್ರ ನೀವು ನೋಡಿರಬಹುದು. ನೆಲಕ್ಕೆ ಚಾಪೆ, ಬರಿಯ ಗೋಡೆ, ಒಂದು ಮೂಲೆಯಲ್ಲಿ ಒಂದೇ ಹೂವು. ನೋಡಿದ ಕೂಡಲೇ ಮನಸ್ಸು ತಣ್ಣಗಾಗುತ್ತದೆ. ಈ ಸರಳತೆಗೆ ರೂಪ ಕೊಟ್ಟವರಲ್ಲಿ ದೊಡ್ಡ ಹೆಸರು ಸೆನ್ ನೋ ರಿಕ್ಯು.

ರಿಕ್ಯು 1522ರಲ್ಲಿ ಸಕಾಯ್ ಎಂಬ ಬಂದರು ಪಟ್ಟಣದ ವ್ಯಾಪಾರಿ ಮನೆಯಲ್ಲಿ ಹುಟ್ಟಿದರು. ಧ್ಯಾನಕ್ಕೆ ಕೂತಾಗ ನಿದ್ದೆ ಬಾರದಿರಲೆಂದು ಝೆನ್ ಭಿಕ್ಷುಗಳು ಚಹಾ ಕುಡಿಯುತ್ತಿದ್ದರು. ಮುಂದೆ ಅದು ಸಿರಿವಂತರ ಕೈಗೆ ಹೋಗಿ, ಚೀನಾದ ದುಬಾರಿ ಬಟ್ಟಲು ತೋರಿಸಿ ಮೆರೆಯುವ ಕೂಟವಾಯಿತು. ರಿಕ್ಯು ಚಿಕ್ಕ ವಯಸ್ಸಿನಲ್ಲೇ ಈ ಕಲೆ ಕಲಿತರು, ಝೆನ್ ಗುರುಗಳ ಬಳಿ ಧ್ಯಾನವನ್ನೂ ಅಭ್ಯಾಸ ಮಾಡಿದರು. ಆಮೇಲೆ ಆ ಮೆರವಣಿಗೆಯನ್ನು ಒಂದೊಂದಾಗಿ ಕಳಚುತ್ತ ಬಂದರು. ಚೀನಾದ ಬಟ್ಟಲಿನ ಜಾಗಕ್ಕೆ ಕೈಯಲ್ಲೇ ತಿದ್ದಿದ ಮಣ್ಣಿನ ಬಟ್ಟಲು ಬಂತು. ಹೂವಿಡಲು ಬಿದಿರಿನ ತುಂಡು ಸಾಕಾಯಿತು.

ಯಾಮಜಾಕಿಯಲ್ಲಿ ಇಂದಿಗೂ ಉಳಿದಿರುವ 'ತಾಯ್-ಆನ್' ಎಂಬ ಚಹಾ ಕೋಣೆ ಅವರದೇ ಎನ್ನುತ್ತಾರೆ. ಅದು ಬರೀ ಎರಡು ಚಾಪೆಯಷ್ಟು, ಅಂದರೆ ಸುಮಾರು 6 ಅಡಿ ಉದ್ದ, 6 ಅಡಿ ಅಗಲ. ಗೋಡೆ ನಮ್ಮ ಹಳ್ಳಿ ಮನೆಗಳಂತೆ ಹುಲ್ಲು ಕಲೆಸಿದ ಮಣ್ಣಿನದು. ಕಿಟಕಿಯ ಕಾಗದದಿಂದ ಸೋಸಿ ಬರುವ ಬೆಳಕು ಮೆತ್ತಗಿರುತ್ತದೆ. ಬಾಗಿಲು ಎಷ್ಟು ಸಣ್ಣದೆಂದರೆ ಯಾರೇ ಬರಲಿ, ಬಗ್ಗಿ ಮೊಣಕಾಲೂರಿಯೇ ಒಳಬರಬೇಕು. ಸಮುರಾಯಿ ತನ್ನ ಕತ್ತಿಯನ್ನು ಹೊರಗೇ ಬಿಡಬೇಕು. ಒಳಗೆ ಕೂತವರೆಲ್ಲ ಒಂದೇ ನೆಲದ ಮೇಲೆ, ಒಂದೇ ಬಟ್ಟಲನ್ನು ಕೈಯಿಂದ ಕೈಗೆ ದಾಟಿಸಿ ಚಹಾ ಕುಡಿಯುತ್ತಿದ್ದರು.

ಒಂದೇ ಬಟ್ಟಲು! ಚಹಾದಂಗಡಿಯಲ್ಲಿ ಬೇರೆ ಲೋಟ ಕಂಡ ನಮಗೆ ಇದರ ಬೆಲೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಆದರೆ ಆ ಸಮತೆ ಬಾಗಿಲ ಒಳಗಷ್ಟೇ ಇತ್ತು. ರಿಕ್ಯು ಅವರ ಒಡೆಯ ಹಿಡೆಯೋಶಿ ದೇಶವನ್ನೇ ಆಳುತ್ತಿದ್ದವನು. ಬಂಗಾರ ಹೊದಿಸಿದ ಚಹಾ ಕೋಣೆ ಮಾಡಿಸಿಕೊಂಡವನು. ಕ್ಯೋಟೋದ ದೈತೊಕುಜಿ ವಿಹಾರದ ಹೆಬ್ಬಾಗಿಲಿಗೆ ರಿಕ್ಯು ಮೇಲಂತಸ್ತು ಕಟ್ಟಿಸಿಕೊಟ್ಟರು. ಅಲ್ಲಿ ಅವರ ಮೂರ್ತಿ ಇಟ್ಟರು. ವ್ಯಾಪಾರಿಯ ಪಾದದ ಕೆಳಗೆ ತಾನು ನಡೆಯುವುದೇ ಎಂದು ಹಿಡೆಯೋಶಿ ಕೆರಳಿದನೆಂದು ಹೇಳುತ್ತಾರೆ. 1591ರಲ್ಲಿ ಅವನ ಆಜ್ಞೆಯಂತೆ, ಸುಮಾರು 70ರ ವಯಸ್ಸಿನ ರಿಕ್ಯು ತಮ್ಮ ಪ್ರಾಣ ತಾವೇ ತೆಗೆದುಕೊಳ್ಳಬೇಕಾಯಿತು. ಕೋಣೆಯೊಳಗಿನ ಸಮತೆ ಒಡೆಯನ ಮರ್ಜಿಯ ಮೇಲೆ ನಿಂತಿತ್ತು. ಅದಕ್ಕೇ ಬಾಬಾಸಾಹೇಬರು ಸಮತೆಯನ್ನು ಸಂವಿಧಾನದಲ್ಲಿ ಬರೆದಿಟ್ಟರು.

ಇನ್ನೊಂದು ಮಾತು. ನಮ್ಮ ಅಜ್ಜ ಅಜ್ಜಿಯರ ಮನೆಯೂ ಬರಿದಾಗಿತ್ತು. ಅದು ಸರಳತೆಯಲ್ಲ, ಅವರ ಮೇಲೆ ಹೇರಿದ ಬಡತನ. ರಿಕ್ಯು ಇದ್ದದ್ದನ್ನು ಬಿಟ್ಟವರು. ನಮ್ಮ ಹಿರಿಯರಿಗೆ ಬಿಡಲು ಏನೂ ಇರಲಿಲ್ಲ. ಆದ್ದರಿಂದ ಮಕ್ಕಳಿಗೆ ಪುಸ್ತಕ, ಓದಲು ಮೇಜು, ಒಳ್ಳೆಯ ದೀಪ ತರುವುದಕ್ಕೆ ಸಂಕೋಚ ಬೇಡ. ಪಕ್ಕದ ಮನೆಯವರು ನೋಡಲೆಂದು ಸಾಲ ಮಾಡಿ ತಂದ ಶೋಕೇಸ್ ಮಾತ್ರ ಬೇಡ.

ಇಂದಿನ ಅಭ್ಯಾಸ: ಮನೆಯ ಒಂದು ಮೂಲೆ ಖಾಲಿ ಮಾಡಿ ಗುಡಿಸಿ. ಬುದ್ಧರ, ಬಾಬಾಸಾಹೇಬರ ಫೋಟೊ ಮುಂದೆ ಒಂದು ಚೊಂಬು ನೀರು, ಬೋನಾಳ ಕೆರೆಯ ದಂಡೆಯ ಒಂದು ಕಾಡುಹೂವು ಇರಲಿ. ಮನೆಮಂದಿಯೆಲ್ಲ ಹತ್ತು ನಿಮಿಷ ಸುಮ್ಮನೆ ಕೂತುಕೊಳ್ಳಿ. ಬಂದವರು ಯಾರೇ ಆಗಲಿ, ಅದೇ ಚಾಪೆ, ಅದೇ ಲೋಟ.

ಭವತು ಸಬ್ಬ ಮಂಗಲಂ.