ಸ್ಯಾಚೆಲ್ ಪೇಜ್

ಬೇಸ್‌ಬಾಲ್ ನಮ್ಮ ಕಾಲೇಜಿನ ಮೈದಾನಕ್ಕೆ ಬಂದ ಆಟವಲ್ಲ. ಆದುದರಿಂದ ಮೊದಲಿಗೆ ಒಂದು ಮಾತು. ಕ್ರಿಕೆಟ್ಟಿಗೆ ಬೌಲರನಿದ್ದಂತೆ ಆ ಆಟಕ್ಕೆ ಪಿಚ್ಚರನು. ಅವನು ಓಡಿಬರುವಂತಿಲ್ಲ, ಚೆಂಡನ್ನು ನೆಲಕ್ಕೆ ಪುಟಿಸುವುದೂ ಇಲ್ಲ. 60 ಅಡಿ ದೂರದ ದಿಬ್ಬದ ಮೇಲೆ ನಿಂತು, ನಾವು ಮಾವಿನಕಾಯಿಗೆ ಕಲ್ಲು ಬೀಸುವಂತೆ ಬೀಸಿ, ದಾಂಡಿಗನ ಮುಂದಿನ 17 ಅಂಗುಲ ಅಗಲದ ಜಾಗದ ಮೇಲೆ ಚೆಂಡನ್ನು ಹಾಯಿಸಬೇಕು. ಈ ಒಂದು ಕೆಲಸದಲ್ಲಿ ಪೇಜನನ್ನು ಮೀರಿಸಿದವರು ವಿರಳ.

ಅವನು ಹುಟ್ಟಿದ್ದು 1906ರಲ್ಲಿ, ಅಮೆರಿಕದ ಅಲಬಾಮಾ ಸಂಸ್ಥಾನದ ಮೊಬೀಲ್ ಬಂದರಿನಲ್ಲಿ, ಕಪ್ಪು ಜನಾಂಗದ ಒಂದು ಬಡ ಕುಟುಂಬದಲ್ಲಿ. ನಿಜವಾದ ಹೆಸರು ಲೀರಾಯ್. ತಾಯಿ ಲೂಲಾ ಪರರ ಬಟ್ಟೆ ಒಗೆದು ದೊಡ್ಡ ಸಂಸಾರವನ್ನು ಸಾಕಿದಳು. ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಚೀಲ ಹೊರುತ್ತಿದ್ದುದರಿಂದ ಕೈಚೀಲವೆಂಬ ಅರ್ಥದ ಸ್ಯಾಚೆಲ್ ಎಂಬ ಅಡ್ಡಹೆಸರು ತನಗೆ ಬಂತೆಂದು ಅವನೇ ಹೇಳಿಕೊಂಡಿದ್ದಾನೆ. 1918ರಲ್ಲಿ, ಅಂಗಡಿಯಿಂದ ಆಟದ ಉಂಗುರಗಳನ್ನು ಕದ್ದನೆಂದೂ ಶಾಲೆ ತಪ್ಪಿಸಿದನೆಂದೂ ಅವನನ್ನು ಮೌಂಟ್ ಮೀಗ್ಸಿನ ಬಾಲಾಪರಾಧಿಗಳ ಶಾಲೆಗೆ ಕಳುಹಿಸಿದರು. ಆಟದ ಉಂಗುರಕ್ಕೆ ಐದು ವರ್ಷಕ್ಕೂ ಮಿಕ್ಕ ಸೆರೆ! ಆದರೆ ಅಲ್ಲಿದ್ದ ಎಡ್ವರ್ಡ್ ಬರ್ಡ್ ಎಂಬ ಶಿಕ್ಷಕನು ಹುಡುಗನ ನೀಳವಾದ ತೋಳನ್ನು ಗುರುತಿಸಿದನು. ಕಾಲನ್ನು ಎತ್ತರಕ್ಕೆ ಎತ್ತಿ ಚೆಂಡನ್ನು ಮರೆಮಾಡುವ ಉಪಾಯವನ್ನು ಕಲಿಸಿದನು.

1926ರಲ್ಲಿ ಪೇಜನು ವೃತ್ತಿಯ ಆಟಗಾರನಾದನು. ಆದರೆ ಬಿಳಿಯರ ದೊಡ್ಡ ಲೀಗಿನಲ್ಲಿ ಅವನಿಗೆ ಎಡೆಯಿರಲಿಲ್ಲ. ಹಾಗೆಂದು ಯಾವ ನಿಯಮಪುಸ್ತಕದಲ್ಲೂ ಬರೆದಿರಲಿಲ್ಲ. ಒಡೆಯರೆಲ್ಲ ಮನಸ್ಸಿನಲ್ಲೇ ಒಪ್ಪಿಕೊಂಡ ಕಟ್ಟಳೆಯದು. ಬರೆಯದ ಕಟ್ಟಳೆ ಎಷ್ಟು ಗಟ್ಟಿಯೆಂಬುದನ್ನು ನಮ್ಮ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕಪ್ಪು ಜನರು ತಮಗಾಗಿ ಕಟ್ಟಿಕೊಂಡ ನೀಗ್ರೋ ಲೀಗುಗಳಲ್ಲಿ, ಬರ್ಮಿಂಗ್‌ಹ್ಯಾಮ್, ಪಿಟ್ಸ್‌ಬರ್ಗ್, ಕ್ಯಾನ್ಸಸ್ ಸಿಟಿಗಳಲ್ಲಿ, ಅವನು ಆಡಿದನು. ಉಳಿದ ದಿನಗಳಲ್ಲಿ ಊರೂರು ತಿರುಗಿ ಪ್ರದರ್ಶನದ ಪಂದ್ಯಗಳು. ಆಟ ನೋಡಲು ಜನ ಮುಗಿಬೀಳುತ್ತಿದ್ದರು. ಆಟ ಮುಗಿದ ಮೇಲೆ ಎಷ್ಟೋ ಊರುಗಳಲ್ಲಿ ಊಟಕ್ಕೂ ಮಲಗುವುದಕ್ಕೂ ಸ್ಥಳ ದೊರೆಯುತ್ತಿರಲಿಲ್ಲ. ಇಂಥ ಪಂದ್ಯಗಳಲ್ಲಿ ಅವನನ್ನು ಎದುರಿಸಿದ ಜೋ ಡಿಮ್ಯಾಜಿಯೋನಂಥ ಬಿಳಿಯ ದಾಂಡಿಗನು, ತಾನು ಕಂಡವರಲ್ಲಿ ಇವನೇ ಅತ್ಯುತ್ತಮನೆಂದು ಒಪ್ಪಿಕೊಂಡನು.

1938ರಲ್ಲಿ ಮೆಕ್ಸಿಕೋದಲ್ಲಿ ಆಡುತ್ತಿರುವಾಗ ತೋಳು ಸೋತುಹೋಯಿತು. ಇನ್ನು ಎಸೆಯಲಾರನೆಂದು ವೈದ್ಯರು ಕೈಚೆಲ್ಲಿದರು. ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡದ ಒಡೆಯ ವಿಲ್ಕಿನ್ಸನ್ ಅವನ ಹೆಸರನ್ನಾದರೂ ನೆಚ್ಚಿ ಒಂದು ಚಿಕ್ಕ ತಂಡಕ್ಕೆ ಸೇರಿಸಿಕೊಂಡನು. ಆ ಅಜ್ಞಾತವಾಸದಲ್ಲಿ ವೇಗವನ್ನು ನಂಬಿದ್ದವನು ನಿಧಾನದ ಎಸೆತಗಳನ್ನು ಕಲಿತನು, ತೋಳೂ ಮರಳಿತು.

1947ರಲ್ಲಿ ದೊಡ್ಡ ಲೀಗಿನ ಬಾಗಿಲು ತೆರೆದಾಗ ಒಳಹೊಕ್ಕವನು ಜಾಕಿ ರಾಬಿನ್‌ಸನ್; ಪೇಜನಿಗಿಂತ 12 ವರ್ಷ ಚಿಕ್ಕವನು. ತಾನು ಮೊದಲಿಗನಾಗಲಿಲ್ಲವೆಂಬ ನೋವು ಪೇಜನಿಗೆ ಆಯಿತು. ಆಗದೆ ಇರುತ್ತದೆಯೆ? ಮರುವರ್ಷ, 42 ತುಂಬಿದ ದಿನವೇ, ಕ್ಲೀವ್‌ಲ್ಯಾಂಡ್ ತಂಡ ಅವನನ್ನು ಸೇರಿಸಿಕೊಂಡಿತು. ಇದು ಟಿಕೆಟ್ ಮಾರುವ ತಂತ್ರವೆಂದು ಪತ್ರಿಕೆಯೊಂದರ ಸಂಪಾದಕನು ಹಂಗಿಸಿದನು. ಪೇಜನು ಆರು ಪಂದ್ಯ ಗೆದ್ದು ಒಂದನ್ನು ಮಾತ್ರ ಸೋತನು. ಆಗಸ್ಟಿನ ಒಂದು ರಾತ್ರಿ ಅವನ ಆಟಕ್ಕೆ 78,382 ಜನ ಸೇರಿದರು. ಆ ವರ್ಷದ ವರ್ಲ್ಡ್ ಸೀರೀಸ್ ಕ್ಲೀವ್‌ಲ್ಯಾಂಡಿನದಾಯಿತು.

ಅವನ ವಯಸ್ಸಿನ ಬಗ್ಗೆ ಜನರಿಗೆ ಸದಾ ಸಂದೇಹ. ಅವನೂ ಕೇಳಿದವರಿಗೊಂದೊಂದು ಲೆಕ್ಕ ಹೇಳಿ ನಗುತ್ತಿದ್ದನು. ನನ್ನ ಅಜ್ಜಿಯೂ ತಾನು ಹುಟ್ಟಿದ್ದು ದೊಡ್ಡ ಮಳೆಯ ವರ್ಷವೆನ್ನುತ್ತಾಳೆ. ಅದಕ್ಕೆ ಮೇಲೆ ಪುರಾವೆಯಿಲ್ಲ. ಆದರೆ ಪೇಜನ ಜನನಪತ್ರ ಸಿಕ್ಕಿದೆ. ಅದರಂತೆ, 1965ರ ಸೆಪ್ಟೆಂಬರ್ 25ರಂದು ಕ್ಯಾನ್ಸಸ್ ಸಿಟಿಯಲ್ಲಿ ಬಾಸ್ಟನ್ ತಂಡದೆದುರು ಕೊನೆಯ ಸಲ ನಿಂತಾಗ ಅವನಿಗೆ 59. ತಮಾಷೆಗೆಂದು ತಂಡದ ಒಡೆಯನು ಅವನನ್ನು ತೂಗುಕುರ್ಚಿಯಲ್ಲಿ ಕೂರಿಸಿ ಪಕ್ಕಕ್ಕೊಬ್ಬ ದಾದಿಯನ್ನು ನಿಲ್ಲಿಸಿದ್ದನು. ಮುದುಕನು ಎದ್ದು ಹೋಗಿ ಮೂರು ಸರದಿ ಎಸೆದನು. ಒಂದೇ ಒಂದು ಹೊಡೆತ ಬಿತ್ತು.

ಇಷ್ಟಾದರೂ ಅವನಿಗೆ ಆಟಗಾರರ ಪಿಂಚಣಿ ಇರಲಿಲ್ಲ. ದೊಡ್ಡ ಲೀಗಿನ ಸೇವಾವಧಿಯಲ್ಲಿ 158 ದಿನಗಳ ಕೊರತೆ! 1968ರಲ್ಲಿ ಅಟ್ಲಾಂಟಾ ತಂಡವು ಅದನ್ನು ತುಂಬಿಸಲೆಂದೇ ಅವನಿಗೆ ಕೆಲಸ ಕೊಟ್ಟಿತು. 1971ರಲ್ಲಿ ಕೂಪರ್ಸ್‌ಟೌನಿನ ಕೀರ್ತಿಮಂದಿರಕ್ಕೆ ಆರಿಸಿದಾಗ, ನೀಗ್ರೋ ಲೀಗಿನವರಿಗೆ ಬೇರೆ ಕೋಣೆಯೆಂದು ಮೊದಲು ಸಾರಿದರು. ಅಲ್ಲಿಯೂ ಬೇರೆ ಪಂಕ್ತಿ! ಜನರ ಆಕ್ಷೇಪಣೆಯಿಂದ ಅದು ನಿಂತು, ಅವನ ಫಲಕವು ಉಳಿದವರ ಸಾಲಿನಲ್ಲೇ ಸೇರಿತು. ಅವನು ತೀರಿಕೊಂಡದ್ದು 1982ರಲ್ಲಿ.

ದೊಡ್ಡ ಲೀಗಿನ ದಾಖಲೆಯಲ್ಲಿ ಅವನ ಹೆಸರಿಗಿದ್ದ ಗೆಲುವು ಬರಿಯ 28. ನೀಗ್ರೋ ಲೀಗುಗಳ ಅಂಕಿಗಳನ್ನೂ ಅದರಲ್ಲಿ ಸೇರಿಸಿದ್ದು 2024ರಲ್ಲಿ. ಹಳ್ಳಿಯೂರುಗಳ ಮೈದಾನಗಳಲ್ಲಿ ಸಂಜೆ ಸಂಜೆ ಎಸೆದವುಗಳು ಈಗಲೂ ಆ ಲೆಕ್ಕಕ್ಕೆ ಸೇರಿಲ್ಲ.