ಪ್ರೋಟಾನ್ ಗುಂಡಗಿದೆಯೇ? ಎಲೆಕ್ಟ್ರಾನ್ ಹಾರಿಸಿ ಉತ್ತರ ಹುಡುಕಿದ ರಾಬರ್ಟ್ ಹಾಫ್‌ಸ್ಟಾಟರ್

ಶಾಲೆಯ ಪಠ್ಯಪುಸ್ತಕದಲ್ಲಿ ಪ್ರೋಟಾನ್ ಅಂದರೆ ಗೋಲಿಯಂಥ ಕೆಂಪು ಗುಂಡು. ನಿಜಕ್ಕೂ ಅದಕ್ಕೊಂದು ಆಕಾರವಿದೆಯೇ? 1950ರ ದಶಕದ ಆರಂಭದಲ್ಲೂ ಎಷ್ಟೋ ಲೆಕ್ಕಾಚಾರಗಳಲ್ಲಿ ಅದು ಬರೀ ಚುಕ್ಕಿ. ಆ ಚುಕ್ಕಿಗೂ ಗಾತ್ರವಿದೆ ಎಂದು ಅಳೆದು ತೋರಿಸಿದವರು ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ಹಾಫ್‌ಸ್ಟಾಟರ್.

1915ರ ಫೆಬ್ರವರಿ 5ರಂದು ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಅವರು ಅಲ್ಲಿನ ಸಿಟಿ ಕಾಲೇಜಿನಲ್ಲಿ ಓದಿ, 1938ರಲ್ಲಿ ಪ್ರಿನ್ಸ್‌ಟನ್‌ನಿಂದ ಡಾಕ್ಟರೇಟ್ ಪಡೆದರು. ಥಾಲಿಯಂ ಬೆರೆಸಿದ ಸೋಡಿಯಂ ಅಯೊಡೈಡ್ ಹರಳು ಗಾಮಾ ಕಿರಣ ಬಿದ್ದಾಗ ಮಿನುಗುತ್ತದೆ ಎಂಬುದನ್ನು 1948ರಲ್ಲಿ ತೋರಿಸಿಕೊಟ್ಟರು. ಆಸ್ಪತ್ರೆಗಳ ಗಾಮಾ ಕ್ಯಾಮೆರಾಗಳಲ್ಲಿ ಇಂದಿಗೂ ಅದೇ ಹರಳಿದೆ. ಹೆಸರು ಉಳಿಯಲು ಇದೊಂದೇ ಸಾಕಿತ್ತು.

1950ರಲ್ಲಿ ಅವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದರು. ಪ್ರೋಟಾನ್ ಯಾವ ಸೂಕ್ಷ್ಮದರ್ಶಕಕ್ಕೂ ಕಾಣದು. ಬೆಳಕಿನ ಅಲೆಯೇ ಅದಕ್ಕಿಂತ ಕೋಟಿಗಟ್ಟಲೆ ಪಟ್ಟು ಉದ್ದ. ಆದರೆ ವೇಗವಾಗಿ ಓಡುವ ಎಲೆಕ್ಟ್ರಾನ್‌ನ ಅಲೆ ತೀರಾ ಚಿಕ್ಕದು. ಹಾಗಾಗಿ ಹಾಫ್‌ಸ್ಟಾಟರ್ ತಂಡ ಹೈಡ್ರೋಜನ್ ಮೇಲೆ ಎಲೆಕ್ಟ್ರಾನ್‌ಗಳನ್ನು ಹಾರಿಸಿ, ಯಾವ ಕೋನಕ್ಕೆ ಎಷ್ಟು ಚದುರುತ್ತವೆ ಎಂದು ಎಣಿಸಿತು. ಎಣಿಸಲು ಬೇಕಾದ ಭಾರಿ ಅಯಸ್ಕಾಂತವನ್ನು ಸುತ್ತ ತಿರುಗಿಸಬೇಕಲ್ಲ? ನೌಕಾಪಡೆಯ ಫಿರಂಗಿ ಕೂರಿಸುವ ಪೀಠವನ್ನೇ ಮಾರ್ಪಡಿಸಿ ಅದರ ಮೇಲಿಟ್ಟರು!

ಪ್ರೋಟಾನ್ ಚುಕ್ಕಿಯೇ ಆಗಿದ್ದರೆ ದೊಡ್ಡ ಕೋನಗಳಲ್ಲಿ ಎಷ್ಟು ಎಲೆಕ್ಟ್ರಾನ್ ಬರಬೇಕು ಎಂಬ ಲೆಕ್ಕ ಮೊದಲೇ ಇತ್ತು. ಬಂದದ್ದು ಅದಕ್ಕಿಂತ ಕಡಿಮೆ. ಆ ಕೊರತೆಯೇ ಗಾತ್ರದ ಸುಳಿವು. ತ್ರಿಜ್ಯ ಸುಮಾರು 0.74 ಫರ್ಮಿ ಎಂದು ಲೆಕ್ಕ ಸಿಕ್ಕಿತು. ಒಂದು ಫರ್ಮಿ ಎಂದರೆ ಮಿಲಿಮೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ವಿಜ್ಞಾನಿ ಎನ್ರಿಕೊ ಫರ್ಮಿ ನೆನಪಿಗೆ ಆ ಹೆಸರಿಟ್ಟವರೂ ಹಾಫ್‌ಸ್ಟಾಟರ್ ಅವರೇ.

ಅದಕ್ಕಿಂತ ಸ್ವಾರಸ್ಯದ ಸಂಗತಿ ಬೇರೆಯಿದೆ. ಪ್ರೋಟಾನ್‌ಗೆ ಗೋಲಿಯಂತೆ ಗಟ್ಟಿ ಅಂಚಿಲ್ಲ. ಅದರ ವಿದ್ಯುದಾವೇಶ ಹತ್ತಿಯ ಉಂಡೆಯಂತೆ ನಡುವೆ ದಟ್ಟವಾಗಿದ್ದು, ಹೊರಗೆ ಹೋದಂತೆ ತೆಳುವಾಗುತ್ತದೆ. ಇಂಥ ಕಣಗಳ ಆಕಾರ ಎಂದರೆ ಈ ಹರವಿನ ನಕ್ಷೆಯೇ ಹೊರತು ಮೇಲ್ಮೈ ಅಲ್ಲ. ತಮಾಷೆ ನೋಡಿ, ಅಳೆಯಲು ಬಳಸಿದ ಎಲೆಕ್ಟ್ರಾನ್‌ಗೆ ಗಾತ್ರವಿದೆ ಎಂದು ಈವರೆಗೆ ಯಾವ ಪ್ರಯೋಗವೂ ತೋರಿಸಿಲ್ಲ.

ಈ ಕೆಲಸಕ್ಕೆ 1961ರ ನೊಬೆಲ್ ಬಂತು. ಬಹುಮಾನದ ಇನ್ನರ್ಧ ಬೇರೊಂದು ಸಂಶೋಧನೆಗಾಗಿ ಜರ್ಮನಿಯ ರುಡಾಲ್ಫ್ ಮೊಸ್‌ಬವರ್ ಅವರಿಗೆ ಸಂದಿತು.

1990ರ ನವೆಂಬರ್ 17ರಂದು ಹಾಫ್‌ಸ್ಟಾಟರ್ ನಿಧನರಾದರು. ಅವರು ಶುರು ಮಾಡಿದ ಅಳತೆ ಮಾತ್ರ ಅಲ್ಲಿಗೆ ಮುಗಿಯಲಿಲ್ಲ. ಅದುವರೆಗೆ ಒಪ್ಪಿಕೊಂಡಿದ್ದ ತ್ರಿಜ್ಯ ಸುಮಾರು 0.88 ಫರ್ಮಿ, 2010ರಲ್ಲಿ ಸ್ವಿಟ್ಜರ್‌ಲೆಂಡ್‌ನಲ್ಲಿ ಮ್ಯುಆನ್ ಕಣ ಬಳಸಿ ಅಳೆದಾಗ ಸಿಕ್ಕಿದ್ದು 0.84. ಇಷ್ಟು ಸಣ್ಣ ವ್ಯತ್ಯಾಸದ ಮೇಲೆ ಭೌತವಿಜ್ಞಾನಿಗಳು ವರ್ಷಗಟ್ಟಲೆ ಜಗಳವಾಡಿದರು.